ಒಂದೇ ಕುರ್ಚಿಯ ಕೋಣೆ

ಫೆಬ್ರವರಿ 3

ಪುಟ್ಟೀ,

‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಶುರು ಮಾಡಬೇಕು, ಗೊತ್ತು. ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನ ಸುರಂಗ ಕೊರೆಯುವ ಕ್ಯಾಂಪಿನಲ್ಲಿ ಫೋನು ಸಿಗುವುದಿಲ್ಲ ಅನ್ನುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಬಾಯಲ್ಲಿ ಹೇಳಿದ್ದರೆ ಅರ್ಧ ಬೈಗುಳವೇ ಆಗುತ್ತಿತ್ತು.

ನಿಮ್ಮಮ್ಮ ಹೊಲಿಗೆ ಕಾರ್ಖಾನೆಯಿಂದ ನಿವೃತ್ತಿಯಾದಾಗ ಬಂದ ಇಡಿಗಂಟನ್ನು ಏನು ಮಾಡುವುದು ಅಂತ ಇಬ್ಬರೂ ಕೂತು ಮಾತಾಡಿದ್ದೆವು. ನನ್ನ ಸಲೂನಿನ ಕುರ್ಚಿಗಳು ಮುದಿಯಾಗಿವೆ, ಗಿರಾಕಿ ಕೂತರೆ ನರಳುತ್ತವೆ, ಏರಿಳಿಯುವಂಥ ಎರಡು ಹೊಸ ಕುರ್ಚಿ ತರೋಣವೇ ಅಂತ ಕೇಳಿದ್ದೆ. ತಲೆಯಾಡಿಸಿದಳು. ಹೋದ ವಾರ ಮನೆ ಮುಂದೆ ವ್ಯಾನು ನಿಂತಾಗ ಕುರ್ಚಿ ಬಂತು ಅಂತ ಓಡಿದೆ. ಇಳಿದದ್ದು ನನ್ನ ಎದೆಯೆತ್ತರದ ಎರಡು ಸ್ಪೀಕರು, ಇಬ್ಬರು ಹೊರಬೇಕಾದ ಒಂದು ಆಂಪ್ಲಿಫೈಯರು, ರೆಕಾರ್ಡು ತಿರುಗಿಸುವ ಒಂದು ತಟ್ಟೆ, ಮತ್ತೆ ಹಾವಿನ ಗಾತ್ರದ ವೈರು. ವೈರಿನ ಮೇಲೆ ಬಾಣದ ಗುರುತು ಬೇರೆ. ಕರೆಂಟಿಗೆ ದಾರಿ ತಪ್ಪದಿರಲಿ ಅಂತ ಇರಬೇಕು.

ನಿನ್ನ ಮಂಚ ಈಗ ನಡುಮನೆಯಲ್ಲಿದೆ. ನಿನ್ನ ಕೋಣೆಯಲ್ಲಿ ಆ ಪೆಟ್ಟಿಗೆಗಳು, ಅವುಗಳ ಎದುರಿಗೆ ಒಂದು ಕುರ್ಚಿ. ಒಂದೇ. ಸದ್ದು ಸರಿಯಾಗಿ ಬಂದು ಸೇರುವ ಜಾಗ ಒಂದೇ ಇರುತ್ತದಂತೆ, ಅಂಗಡಿಯವನು ಟೇಪು ಹಿಡಿದು ಅಳೆದು ಅಲ್ಲಿ ಕುರ್ಚಿ ಇಟ್ಟು ಹೋದ. ನಾನೆಲ್ಲಿ ಕೂರಲಿ ಅಂತ ಕೇಳಿದೆ. ನಿಮ್ಮಮ್ಮ ನನ್ನ ಮುಖ ನೋಡಿ ನಕ್ಕು ರೆಕಾರ್ಡು ಹಾಕಿದಳು.

ಬಿಲ್ಲು ನೋಡಿದೆ, ಅಂಕಿ ಬರೆಯಲು ಕೈ ಬರುವುದಿಲ್ಲ. ಊರಿನವರ ತಲೆ ಬೋಳಿಸಿ ಬದುಕಿದವನು ನಾನು. ನನ್ನ ಮನೆಯ ತಲೆಯನ್ನೇ ಯಾವನೋ ಬೋಳಿಸಿಬಿಟ್ಟ, ಅದೂ ನೀರು ಹಚ್ಚದೆ. ಬಾಗಿಲಲ್ಲಿ ನಿಂತು ಒಂದು ಹಾಡು ಕೇಳಿದೆ. ಸಲೂನಿನ ರೇಡಿಯೋದಲ್ಲಿ ಬರುವುದೂ ಅದೇ ಹಾಡು. ಇಲ್ಲಿ ಕಿಟಕಿಯ ಗಾಜು ಅದುರಿತು, ಅಷ್ಟೇ ವ್ಯತ್ಯಾಸ. ನೀನು ಯಂತ್ರ ಇಟ್ಟುಕೊಂಡು ಅಳತೆ ಮಾಡುವವಳು. ಇಷ್ಟು ಬೆಲೆಯಲ್ಲಿ ನಿಜವಾಗಿ ಏನಾದರೂ ಇರುತ್ತದೆಯೋ, ಅಥವಾ ಕಿವಿ ಮೇಲೆ ಹೂವೋ? ತಿಳಿಸು.

ತಲೆ ಕೆಟ್ಟಿರುವ,
ಅಪ್ಪ

ಫೆಬ್ರವರಿ 19

ಅಪ್ಪಾ,

ಕಾಗದ ಸಿಮೆಂಟಿನ ಲಾರಿಯಲ್ಲಿ ಬಂತು, ಮಡಿಕೆಯಲ್ಲೆಲ್ಲ ಪುಡಿ. ನಿಮ್ಮ ಪ್ರಶ್ನೆಗೆ ಹೌದು, ಇಲ್ಲ ಎರಡನ್ನೂ ಬರೆದು ಎರಡನ್ನೂ ಹೊಡೆದುಹಾಕಿದೆ.

ನನ್ನ ಹತ್ತಿರ ನೆಲದ ಏರುತಗ್ಗು ನೋಡುವ ಎರಡು ಲೆವೆಲ್ ಯಂತ್ರಗಳಿವೆ. ಹಳೆಯದು ಅಗ್ಗದ್ದು, ಹೊಸದರ ಬೆಲೆ ಅದರ ಎಷ್ಟೋ ಪಟ್ಟು. ಬೆಳಕು ಚೆನ್ನಾಗಿದ್ದ ದಿನ ಹೊಸದರಲ್ಲಿ ಕೂದಲೆಳೆಯಷ್ಟು ಹೆಚ್ಚು ಸ್ಪಷ್ಟ ಕಾಣುತ್ತದೆ ಅಂತ ನಾನು ಆಣೆ ಮಾಡಿ ಹೇಳುತ್ತೇನೆ. ನನ್ನ ಮೇಲಿನ ಎಂಜಿನಿಯರು ಎರಡರಲ್ಲೂ ಒಂದೇ ಕಾಣುತ್ತದೆ ಅಂತ ಆಣೆ ಮಾಡುತ್ತಾರೆ. ಮಂಜು ಬಿದ್ದರೆ ಇಬ್ಬರಿಗೂ ಏನೂ ಕಾಣುವುದಿಲ್ಲ. ಕ್ಯಾಂಪಿನ ಎಲೆಕ್ಟ್ರಿಷಿಯನ್ನನನ್ನು ಕೇಳಿದೆ. ಒಂದು ಮಟ್ಟದವರೆಗೆ ದುಡ್ಡಿಗೆ ತಕ್ಕ ಸದ್ದು, ಅದರ ಮೇಲೆ ದುಡ್ಡಿಗೆ ತಕ್ಕ ಡಬ್ಬ ಅಂದ. ಆ ಮಟ್ಟ ಯಾವುದು ಅಂದರೆ ಗೊತ್ತಿಲ್ಲವಂತೆ. ಅಡುಗೆಯವನು ಮಾತ್ರ, ಅಮ್ಮನಿಗೆ ಖುಷಿಯಾಗಿದ್ದರೆ ನಿಮ್ಮಪ್ಪನಿಗೇನು ಕಷ್ಟ ಅಂದ.

ಅದು ಅಮ್ಮನ ಸಂಪಾದನೆ, ಅಪ್ಪಾ. ಕುರ್ಚಿ ಬರದಿದ್ದದ್ದಕ್ಕೆ ಬೇಸರವಾಗಿದ್ದರೆ ಹಾಗಂತಲೇ ಹೇಳಿ. ಆ ಪೆಟ್ಟಿಗೆಯಲ್ಲಿ ಏನು ಕೇಳಿಸುತ್ತದೆ ಅಂತ ಅಮ್ಮನನ್ನೇ ಒಮ್ಮೆ ಕೇಳಿದಿರಾ?

ನಿಮ್ಮ,
ಪುಟ್ಟಿ

ಮಾರ್ಚ್ 2

ಪುಟ್ಟಿ,

ನಿಮ್ಮಪ್ಪ ನಿನಗೆ ಚಾಡಿ ಬರೆದಿರುವ ವಿಷಯ ಅವರ ಬೆರಳಿನ ಶಾಯಿ ನೋಡಿದಾಗಲೇ ಗೊತ್ತಾಯಿತು. ಈಗ ನನ್ನ ಕಡೆಯದನ್ನೂ ಕೇಳು.

ನಾನು ಹೋದದ್ದು ಅವರ ಕುರ್ಚಿಗಾಗಿಯೇ. ಕುರ್ಚಿ ಅಂಗಡಿ ಇನ್ನೂ ತೆರೆದಿರಲಿಲ್ಲ. ಪಕ್ಕದಲ್ಲಿ ಈ ಸಂಗೀತದ ಪೆಟ್ಟಿಗೆ ಅಂಗಡಿ. ಹೊರಗೆ ಯಾಕೆ ನಿಲ್ಲುತ್ತೀರಿ, ಒಳಗೆ ಕೂತುಕೊಳ್ಳಿ ಅಂತ ಅಂಗಡಿಯವನು ಕೈಸನ್ನೆ ಮಾಡಿದ. ಕೂತೆ. ದೊಡ್ಡ ತಂತಿವಾದ್ಯ ಯಾವುದೋ ಇರಬೇಕು, ಒಂದೇ ಒಂದು ಸ್ವರ ಎಳೆದರು. ಅದು ಕಾಲಿನಿಂದ ಹತ್ತಿ ಎದೆಗೆ ಬಂದು ಕೂತಿತು. ಅಲ್ಲೇ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು.

ಹೇಗೆ ಬರೆಯಲಿ? ಈಚೆಗೆ ಜನ ಬಾಯಲ್ಲಿ ಹತ್ತಿ ತುಂಬಿಕೊಂಡು ಮಾತಾಡುವ ಹಾಗಿದೆ. ಬಸ್ಸಿನವನು, ಬ್ಯಾಂಕಿನ ಹುಡುಗಿ, ಎಲ್ಲರೂ ಗೊಣಗುವವರೇ. ನಿಮ್ಮಪ್ಪನಂತೂ ಅರ್ಧ ಮಾತು ಗಂಟಲಲ್ಲೇ ನುಂಗುತ್ತಾರೆ. ಈ ಪೆಟ್ಟಿಗೆ ನನ್ನ ಎದುರಿಗೆ ಬಾಯಿಬಿಟ್ಟು ಮಾತಾಡಿತು. ಅಷ್ಟು ವರ್ಷ ಗಡಗಡ ಅನ್ನುವ ಹಾಲ್‌ನಲ್ಲಿ ಕೂತು ಕಾಲರು ಹೊಲಿದವಳು ಒಮ್ಮೆಯಾದರೂ ಒಳ್ಳೆಯ ಸದ್ದು ಕೇಳಬಾರದೇ? ಮೂಗಿಗಿಂತ ಮೂಗುತಿ ಭಾರವಾಯಿತು ಅಂತ ಗೊತ್ತು. ಆದರೂ ಮನೆಗೆ ತಂದುಬಿಟ್ಟೆ.

ಇನ್ನೊಂದು ಗುಟ್ಟು. ನಿಮ್ಮಪ್ಪ ಮೇಲೆ ಮೇಲೆ ಮುಖ ಊದಿಸುತ್ತಾರೆ, ಒಳಗೊಳಗೇ ಅವರಿಗೂ ಇಷ್ಟ. ಸಂಜೆ ಒಂದು ರೆಕಾರ್ಡು ಮುಗಿಯುವುದರೊಳಗೆ ಅಡುಗೆಮನೆಯಿಂದ ‘ಹಾಕು, ಹಾಕು’ ಅಂತ ಕೂಗುತ್ತಾರೆ. ನಾನು ಕೂಡಲೇ ಇನ್ನೊಂದು ಹಾಕುತ್ತೇನೆ. ಪಾಪ, ಕೋಣೆಯೊಳಗೆ ಬಂದು ಕೇಳಲು ಬಿಗುಮಾನ. ಅವರು ಇಷ್ಟು ಆಸೆಪಡುವುದು ನೋಡಿ, ಈ ಆಂಪ್ಲಿಫೈಯರನ್ನು ವಾಪಸು ಕೊಟ್ಟು ಇದಕ್ಕಿಂತ ಮೇಲಿನದನ್ನು ತರೋಣ ಅಂತಿದ್ದೇನೆ. ಬಾಕಿ ಉಳಿದ ಹಣ ಅದಕ್ಕೆ ಸಾಕಾಗುತ್ತದೆ. ಅವರಿಗೆ ಹೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ಮಾರ್ಚ್ 3

ಪುಟ್ಟಿ,

ನೀನು ಹೇಳಿದ ಹಾಗೆ ಕೇಳಿದೆ. ಪಾತ್ರೆ ಒರೆಸುತ್ತಿದ್ದವಳ ಹಿಂದೆ ನಿಂತು, ಆ ಪೆಟ್ಟಿಗೆಯಲ್ಲಿ ನಿನಗೆ ಏನು ಸಿಗುತ್ತದೆ ಅಂತ ಮೆತ್ತಗೆ ಕೇಳಿದೆ. ತಿರುಗಿಯೂ ನೋಡಲಿಲ್ಲ.

ಸಂಜೆಯಾದರೆ ಆ ಕುರ್ಚಿ. ನಾನು ದಿನವಿಡೀ ನಿಂತು ಬಂದವನು, ಮನೆಯಲ್ಲಿ ಒಂದಿಷ್ಟು ಮಾತು ಬೇಕು ಅನಿಸುತ್ತದೆ. ಒಂದು ರೆಕಾರ್ಡು ಸಹಿಸುತ್ತೇನೆ. ಆಮೇಲೆ ‘ಸಾಕು, ಸಾಕು’ ಅಂತ ಅಡುಗೆಮನೆಯಿಂದ ಕೂಗುತ್ತೇನೆ. ಅವಳು ಬಾಗಿಲ ಕಡೆ ನೋಡಿ ನಗುತ್ತಾಳೆ, ಇನ್ನೊಂದು ಹಾಕುತ್ತಾಳೆ. ನಾನು ಜೋರಾಗಿ ಸಾಕು ಅಂದಷ್ಟೂ ಅವಳು ಬೇಗ ಹಾಕುತ್ತಾಳೆ. ಇದು ಬೇಕೆಂದೇ ಮಾಡುವುದಲ್ಲದೆ ಮತ್ತೇನು? ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಸರದಿಯಲ್ಲಿ ಕೂತವರೂ ಪೇಪರು ಕೆಳಗಿಡುತ್ತಾರೆ. ಮನೆಯಲ್ಲಿ ಗೋಡೆ ಜೊತೆ ಮಾತಾಡಬೇಕು.

ಯೋಚನೆ ಮಾಡಿ ಬರೆಯುತ್ತಿದ್ದೇನೆ, ಸಿಟ್ಟಿನಲ್ಲಲ್ಲ. ನಿಮ್ಮ ಕ್ಯಾಂಪಿನಲ್ಲಿ ಅಷ್ಟು ಜನ ಕೆಲಸಗಾರರಿದ್ದಾರೆ, ಎಲ್ಲರಿಗೂ ತಲೆ ಇರುತ್ತದೆ, ತಲೆಯ ಮೇಲೆ ಕೂದಲೂ ಇರುತ್ತದೆ. ಮುಂದಿನ ತಿಂಗಳು ನಾನು ಅಲ್ಲಿಗೆ ಬಂದುಬಿಡುತ್ತೇನೆ. ವಾರದ ಮಟ್ಟಿಗಲ್ಲ. ಕತ್ತರಿ, ಬಾಚಣಿಗೆ ಎಲ್ಲ ಟ್ರಂಕಿಗೆ ಹಾಕಿಟ್ಟಿದ್ದೇನೆ. ಇಲ್ಲಿ ಅವಳು, ಅವಳ ಸಂಗೀತ, ಅವಳ ಕುರ್ಚಿ ಸುಖವಾಗಿರಲಿ.

ಇಂತು,
ಅಪ್ಪ

ಮಾರ್ಚ್ 14

ಅಪ್ಪಾ,

ನಿಮ್ಮ ಕಾಗದ, ಅಮ್ಮನ ಕಾಗದ ಎರಡೂ ಒಂದೇ ಲಾರಿಯಲ್ಲಿ ಬಂದವು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದೆ, ಆಮೇಲೆ ಮತ್ತೆ ಓದಿದೆ. ನಗು ಬಂತು, ಆಮೇಲೆ ನಗಲಾಗಲಿಲ್ಲ.

ನೀವು ‘ಸಾಕು’ ಅನ್ನುತ್ತೀರಿ. ಅಮ್ಮನಿಗೆ ‘ಹಾಕು’ ಅಂತ ಕೇಳಿಸುತ್ತಿದೆ. ನಿಮಗೆ ಹಾಡು ಇನ್ನೂ ಬೇಕು ಅಂತ ಅಮ್ಮ ಹಾಕುತ್ತಿದ್ದಾಳೆ, ನಿಮ್ಮನ್ನು ಕೆಣಕಲಿಕ್ಕಲ್ಲ. ನಿಮಗೋಸ್ಕರ. ಅಂಗಡಿ ಸಾಲಿಗೆ ಹೋದದ್ದೂ ನಿಮ್ಮ ಕುರ್ಚಿ ತರಲಿಕ್ಕೇ. ಹೇಳಬೇಡ ಅಂದ ಗುಟ್ಟೂ ಒಂದಿದೆ. ಅದು ಬಿಡಿ.

ಅಮ್ಮನ ಕಿವಿಗೆ ಏನೋ ಆಗಿದೆ ಅಪ್ಪಾ. ಎಲ್ಲರೂ ಗೊಣಗುತ್ತಾರೆ ಅಂತ ಬರೆದಿದ್ದಾಳೆ. ಹೋದ ಸಲ ನಾನು ಬಂದಾಗ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ನನ್ನ ಮೇಲೆ ಕೋಪ ಅಂದುಕೊಂಡೇ ಹೊರಟುಬಂದಿದ್ದೆ. ಆ ಹಾಲ್‌ನಲ್ಲಿ ಅಷ್ಟೊಂದು ಮಿಷಿನ್ನುಗಳ ನಡುವೆ ಕೂತಿದ್ದಳಲ್ಲ. ಇದೆಲ್ಲ ನನ್ನ ಊಹೆ, ತಪ್ಪೂ ಇರಬಹುದು. ಇಷ್ಟು ದೂರದಿಂದ ಏನೂ ಸ್ಪಷ್ಟವಾಗುತ್ತಿಲ್ಲ.

ಇಲ್ಲಿಗೆ ಬರಬೇಡಿ. ಮೊದಲು ಹತ್ತಿರ ನಿಂತು ನೋಡಿ. ಆಪಾದನೆ ಮಾಡುವ ಹಾಗೆ ಮಾತ್ರ ಹೇಳಬೇಡಿ.

ಪುಟ್ಟಿ

ಮಾರ್ಚ್ 29

ಮಗಳೇ,

ನಿಮ್ಮಮ್ಮನ ಕೂದಲು ಕತ್ತರಿಸುವುದು ಯಾವಾಗಲೂ ನಾನೇ, ನಿನಗೆ ಗೊತ್ತು. ಭಾನುವಾರ ಕೂರಿಸಿದೆ. ಮೊದಲೆಲ್ಲ ಕತ್ತರಿ ಕಿವಿಯ ಹತ್ತಿರ ಬಂದರೆ ಅವಳು ಭುಜ ಎತ್ತುತ್ತಿದ್ದಳು, ‘ಕಿವಿ ಹುಷಾರು ರೀ’ ಅನ್ನುತ್ತಿದ್ದಳು. ಮದುವೆಯಾದಾಗಿನಿಂದ ಅದೇ ಮಾತು. ಈ ಸಲ ಬಲಗಿವಿಯ ಹತ್ತಿರ ಬರೀ ಗಾಳಿಯಲ್ಲಿ ಕತ್ತರಿ ಆಡಿಸಿದೆ. ಕಿಚ್ ಕಿಚ್ ಕಿಚ್. ಸುಮ್ಮನೆ ಕೂತಿದ್ದಳು. ಎಡಗಿವಿಯ ಹತ್ತಿರ ಆಡಿಸಿದೆ. ಕಿಟಕಿಯ ಆಚೆ ನೋಡುತ್ತಿದ್ದಳು. ಕನ್ನಡಿಯಲ್ಲಿ ಅವಳ ಮುಖ ಎಷ್ಟು ನೆಮ್ಮದಿಯಾಗಿತ್ತು ಅಂದರೆ ನಾನು ಕತ್ತರಿ ಕೆಳಗಿಟ್ಟೆ.

ದಿನ ಬೆಳಗಾದರೆ ಕಂಡವರ ಕಿವಿ ಮಡಿಚಿ ಕೆಲಸ ಮಾಡುವವನು ನಾನು. ದೀಪದ ಬುಡದಲ್ಲೇ ಕತ್ತಲು ನೋಡು.

ಯಾವಾಗಿನಿಂದ ಹೀಗೆ? ಅದು ಗೊತ್ತಾಗದೆ ಒದ್ದಾಡುತ್ತಿದ್ದೇನೆ. ನನ್ನ ಹಾಸ್ಯಕ್ಕೆ ಸರಿಯಾದ ಜಾಗದಲ್ಲೇ ನಗುತ್ತಿದ್ದಳಲ್ಲ? ಮುಖ ನೋಡಿ ನಗುತ್ತಿದ್ದಳೋ ಏನೋ. ಯಾವ ಮಾತು ಅವಳಿಗೆ ಮುಟ್ಟಿದೆ, ಯಾವುದು ಗಾಳಿಗೆ ಹೋಗಿದೆ? ನಾವಿಬ್ಬರೂ ಸೇರಿ ತೀರ್ಮಾನಿಸಿದ್ದು ಅಂದುಕೊಂಡದ್ದೆಲ್ಲ ನಾನೊಬ್ಬನೇ ತೀರ್ಮಾನಿಸಿದ್ದೇ? ಹೊಸ ಕುರ್ಚಿ ವಿಷಯವಾದರೂ ಪೂರ್ತಿ ಕೇಳಿಸಿತ್ತೋ ಇಲ್ಲವೋ.

ಹೇಳಲು ಹೋದೆ, ನಗಬೇಡ. ಹಾಡು ನಡೆಯುತ್ತಿತ್ತು. ಬಾಗಿಲಲ್ಲಿ ನಿಂತು ಧೈರ್ಯ ಮಾಡಿ, ‘ಕೇಳಿಸ್ತಾ ಇಲ್ಲ ಕಣೇ’ ಅಂದೆ. ‘ಆಯ್ತು, ಜೋರು ಮಾಡ್ತೀನಿ’ ಅಂದಳು. ಮಾಡಿದಳು.

ಟ್ರಂಕಿನಿಂದ ಕತ್ತರಿ, ಬಾಚಣಿಗೆ ಹೊರಗೆ ತೆಗೆದಿದ್ದೇನೆ. ಹೇಗೆ ಹೇಳುವುದು ಅಂತ ನೀನೇ ಹೇಳು.

ಅಪ್ಪ

ಏಪ್ರಿಲ್ 20

ಪುಟ್ಟಿಗೆ,

ನಿಮ್ಮಪ್ಪ ಬಾಯಲ್ಲಿ ಹೇಳಲಾರದೆ ನೀನು ಬರೆದ ಕಾಗದವನ್ನೇ ನನ್ನ ಕೈಗೆ ಕೊಟ್ಟು, ಚಹಾ ಕುಡಿಯುವ ನೆಪದಲ್ಲಿ ಹೊರಗೆ ಹೋದರು. ಅಪ್ಪ ಮಗಳು ಸೇರಿ ನನ್ನ ಬೆನ್ನ ಹಿಂದೆ ನನ್ನ ಕಿವಿ ಅಳೆಯುತ್ತಿದ್ದೀರಿ. ಕಿವುಡಿ ಅಂತ ನನಗೇ ಬರೆದಿದ್ದರೆ ಆಗುತ್ತಿರಲಿಲ್ಲವೇ?

ನನ್ನ ಕಿವಿ ಎಂಥದ್ದು ಅಂತ ನಿನಗೆ ಗೊತ್ತಿಲ್ಲ. ಇಡೀ ಹಾಲ್‌ನಲ್ಲಿ ಯಾರ ಮಿಷಿನ್ನಿನ ಸೂಜಿ ಬಾಗಿದೆ ಅಂತ ಕೂತಲ್ಲಿಂದಲೇ ಹೇಳುತ್ತಿದ್ದೆ. ಸೂಪರ್‌ವೈಸರು ಮೆಕಾನಿಕ್ಕನನ್ನು ಕರೆಯುವ ಮುಂಚೆ ನನ್ನನ್ನು ಕರೆಯುತ್ತಿದ್ದರು.

ಅದೂ ಇರಲಿ. ಅವರು ಅಷ್ಟು ದಿನ ಹೇಳಿದ್ದು ‘ಸಾಕು’ ಅಂತ. ಒಬ್ಬ ಮನುಷ್ಯ ನಿಂತು ಸಾಕು ಸಾಕು ಅಂತ ಬೇಡಿಕೊಳ್ಳುತ್ತಿದ್ದರೆ ನಾನು ನಗುನಗುತ್ತಾ ಇನ್ನೊಂದು ಹಾಕುತ್ತಿದ್ದೆ. ನನಗೋ, ಅವರನ್ನು ಖುಷಿಪಡಿಸುತ್ತಿದ್ದೇನೆ ಅಂತ ಹೆಮ್ಮೆ. ಕಿವಿ ಹೋದದ್ದಕ್ಕಿಂತ ಇದು ಹೆಚ್ಚು ನೋಯುತ್ತದೆ. ಪೆಟ್ಟಿಗೆಗಳ ಮೇಲೆ ಬೆಡ್‌ಶೀಟು ಹೊದಿಸಿದ್ದೇನೆ. ಸ್ವಲ್ಪ ದಿನ ನನಗೆ ಏನೂ ಬರೆಯಬೇಡ.

ಅಮ್ಮ

ಮೇ 17

ಅಮ್ಮಾ,

ಬರೆಯಬೇಡ ಅಂತ ನೀನು ಅಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಎಷ್ಟೋ ಲಾರಿ ಬಂದು ಹೋದವು, ನಿನ್ನ ಕಾಗದ ಬರಲಿಲ್ಲ.

ನಿನಗೇ ಮೊದಲು ಬರೆಯಬೇಕಿತ್ತು, ನಿಜ. ಆದರೆ ಏನಂತ ಬರೆಯುವುದು, ತಿಳಿಯಲಿಲ್ಲ. ಈಗಲೂ ತಿಳಿಯುತ್ತಿಲ್ಲ. ಇಲ್ಲಿ ಸುರಂಗಕ್ಕೆ ಎರಡು ಕಡೆಯಿಂದಲೂ ಕೊರೆಯುತ್ತಿದ್ದೇವೆ. ಅಳತೆ ಸರಿಯಿದೆ ಅಂತ ನನ್ನ ಪುಸ್ತಕ ಹೇಳುತ್ತದೆ. ಆದರೂ ನಡುವೆ ಎರಡೂ ಸೇರುತ್ತವೋ ಇಲ್ಲವೋ ಅಂತ ದಿನಾ ಮತ್ತೆ ಲೆಕ್ಕ ಹಾಕುತ್ತೇನೆ.

ಬೆಡ್‌ಶೀಟು ತೆಗೆ, ಅಮ್ಮಾ. ಹಾಡು ಕೇಳು. ಆಸ್ಪತ್ರೆಗೂ ಹೋಗಿ ಬಾ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕು ಅಂತ ಯಾರು ಹೇಳಿದರು?

ನಿನ್ನ ಪುಟ್ಟಿ

ಜೂನ್ 11

ಪುಟ್ಟಿ,

ಕೊನೆಗೂ ಆಸ್ಪತ್ರೆಗೆ ಹೋಗಿಬಂದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಗುಂಡಿ ಒತ್ತಿ ಅಂದರು. ನಾನು ಹೊರಗೆ ಕೂತಿದ್ದೆ. ಗುಂಯ್ ಅನ್ನುವ ದಪ್ಪ ಸದ್ದಿಗೆ ಟಪಕ್ಕನೆ ಒತ್ತಿದಳು. ಕೀಚಲು ಸದ್ದು ನನಗೇ ಹೊರಗೆ ಕೇಳಿಸುತ್ತಿತ್ತು, ಅವಳ ಬೆರಳು ಅಲ್ಲಾಡಲಿಲ್ಲ. ಡಾಕ್ಟರು ಗೆರೆ ಬರೆದು ತೋರಿಸಿದರು, ಜಾರುಬಂಡೆ ಇದ್ದ ಹಾಗಿತ್ತು. ದಪ್ಪ ಸದ್ದು ಚೆನ್ನಾಗಿ ಕೇಳುತ್ತದೆ, ಸಣ್ಣ ಸದ್ದು ಹೋಗಿದೆ, ಮಾತಿನ ಅಂಚೆಲ್ಲ ಸಣ್ಣ ಸದ್ದಿನಲ್ಲೇ ಇರುತ್ತದೆ ಅಂದರು. ಹಾಗಾಗಿ ಅವಳ ಪೆಟ್ಟಿಗೆ ಅವಳಿಗೆ ಸ್ಪಷ್ಟ, ನಾನು ಅಸ್ಪಷ್ಟ.

ಕಿವಿಗೆ ಹಾಕುವ ಯಂತ್ರ ತರಬೇಕು. ಅದರಲ್ಲೂ ಅಗ್ಗದ್ದು, ನಡುವಿನದು, ದುಬಾರಿಯದು. ದುಬಾರಿಯದರ ಬೆಲೆ ಹೆಚ್ಚುಕಡಿಮೆ ಆ ಎರಡು ಪೆಟ್ಟಿಗೆಗಳಷ್ಟೇ. ಇಷ್ಟು ಬೆಲೆಗೆ ನಿಜವಾಗಿ ವ್ಯತ್ಯಾಸವಿದೆಯೇ ಅಂತ ಅದನ್ನು ಮಾರುವವನನ್ನು ಕೇಳಿದೆ. ‘ಒಮ್ಮೆ ಕೂತು ಕೇಳಿ ನೋಡಿ ಸಾರ್, ಆಮೇಲೆ ನೀವೇ ಹೇಳ್ತೀರಿ’ ಅಂದ. ಸ್ಪೀಕರಿನ ಅಂಗಡಿಯವನು ನನಗೆ ಹೇಳಿದ್ದೂ ಇದೇ ಮಾತು, ಅಕ್ಷರ ಬಿಡದೆ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತಿರಬೇಕು.

ಈಗ ನನ್ನ ಅವಸ್ಥೆ ಕೇಳು. ಪೆಟ್ಟಿಗೆ ಮಾರಿ ಒಳ್ಳೆಯ ಯಂತ್ರ ತರೋಣ ಅಂದರೆ ನಾನು ಮೊದಲಿನಿಂದ ಕಾದಿದ್ದೇ ಇದಕ್ಕೆ ಅಂತ ಅವಳು ತಿಳಿಯುತ್ತಾಳೆ. ಮಾರಬೇಡ ಅಂದರೆ ಯಂತ್ರ ಬೇಡ ಅಂದ ಹಾಗೆ. ಅವಳು ಮಾರ್ಕೆಟ್ಟಿಗೆ ಹೋದಾಗ ಬೆಡ್‌ಶೀಟು ಸರಿಸಿ, ಆ ಕುರ್ಚಿಯಲ್ಲಿ ನಾನೂ ಕೂತೆ. ಕಣ್ಣು ಮುಚ್ಚಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಆಯಿತು ಅಂತ ಬರೆಯಲು ಹೊರಟಿದ್ದೆ, ಅದು ಪೂರ್ತಿ ನಿಜವಲ್ಲ. ಒಂದು ಕಡೆ ಬೆನ್ನಿಗೆ ಏನೋ ಮುಟ್ಟಿತು. ಸಂಗೀತವೋ, ಬೆಲೆ ಗೊತ್ತಿದ್ದರಿಂದಲೋ, ಅವಳ ಕುರ್ಚಿ ಅನ್ನುವುದಕ್ಕೋ, ಗೊತ್ತಾಗಲಿಲ್ಲ.

ಏನು ಮಾಡಬೇಕೋ ನೀನೇ ಮಾಡು ಅಂತ ಚೀಟಿ ಬರೆದು ಅವಳಿಗೆ ಕೊಟ್ಟಿದ್ದೇನೆ. ಅವಳು ಯಂತ್ರವೇ ಬೇಡ ಅಂದುಬಿಟ್ಟರೆ ಇನ್ನು ಮುಂದೆ ನಮ್ಮ ಸಂಸಾರ ಚೀಟಿಯಲ್ಲೇ. ನನ್ನ ಅಕ್ಷರ ನೋಡಿದ್ದೀಯಲ್ಲ, ಭಯವಾಗುತ್ತದೆ.

ಅಪ್ಪ

ಜುಲೈ 8

ಪುಟ್ಟಿ,

ಸಿಟ್ಟು ಇಳಿದಿದೆ. ನಿನ್ನ ಸುರಂಗ ಸೇರಿತೋ ಇಲ್ಲವೋ ಬರೆ.

ಆ ಭಾರದ ಆಂಪ್ಲಿಫೈಯರು ವಾಪಸು ಕೊಟ್ಟು, ಅದೇ ಅಂಗಡಿಯಲ್ಲಿ ಅಂಗೈಯಗಲದ ಒಂದು ಸಣ್ಣದನ್ನು ತಂದೆ. ಉಳಿದ ಹಣಕ್ಕೆ ಕಿವಿಯ ಯಂತ್ರ ಬಂತು, ನಡುವಿನ ಬೆಲೆಯದು. ಆಂಪ್ಲಿಫೈಯರು ಬದಲಾದ ಮೇಲೆ ಹಾಡು ಹಾಕಿದರೆ ನಿಮ್ಮಪ್ಪನಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಒಂದೊಂದು ದಿನ ಆಗುತ್ತದೆ ಅನಿಸುತ್ತದೆ. ಹಾಗಾದರೆ ಅಷ್ಟು ದುಡ್ಡು ಕೊಟ್ಟದ್ದು ಯಾತಕ್ಕೆ?

ಯಂತ್ರ ಹಾಕಿಕೊಂಡ ಮೊದಲ ದಿನ ಮನೆಯಲ್ಲಿ ಇಷ್ಟು ಗಲಾಟೆ ಇದೆ ಅಂತ ಗೊತ್ತಾಗಿ ಗಾಬರಿಯಾಯಿತು. ನಲ್ಲಿ ಸೀಟಿ ಹೊಡೆಯುತ್ತದೆ. ಪೇಪರು ಮಡಿಚಿದರೆ ಯಾರೋ ಬಟ್ಟೆ ಹರಿದ ಹಾಗೆ. ಆಸೆಯಿಂದ ರೆಕಾರ್ಡು ಹಾಕಿದೆ, ತಗಡಿನ ತಟ್ಟೆ ಉರುಳಿದ ಹಾಗಿತ್ತು. ಯಂತ್ರ ತೆಗೆದೆ, ಹಾಡು ಮತ್ತೆ ಮೆತ್ತಗೆ, ಅಗಲವಾಗಿ ಬಂತು. ಒಟ್ಟಿನಲ್ಲಿ ಯಂತ್ರ ಕಿವಿಯಲ್ಲಿದ್ದರೆ ಹಾಡು ಕೆಡುತ್ತದೆ, ತೆಗೆದರೆ ನಿಮ್ಮಪ್ಪ ಕೆಡುತ್ತಾರೆ. ಇದರಲ್ಲಿ ನಿಜವಾದ ಸದ್ದು ಯಾವುದು ಅಂತ ಡಾಕ್ಟರನ್ನು ಕೇಳಿದೆ. ಅಭ್ಯಾಸವಾಗುತ್ತದೆ ಅಂದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ.

ಇನ್ನು ನಿಮ್ಮಪ್ಪನ ಮಾತು. ಮರೆತೇಬಿಟ್ಟಿದ್ದೆ ಪುಟ್ಟಿ. ಹಲ್ಲುಜ್ಜುವಾಗ ಶುರು, ಮಲಗುವ ತನಕ. ಅಷ್ಟು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವವರ ಹಾಗೆ. ಗಿರಾಕಿಗಳ ಕಥೆ, ಅವರ ಅತ್ತೆಯಂದಿರ ಕಥೆ, ಅವರ ಬೋಳುತಲೆಯ ಕಥೆ. ನಿನ್ನೆ ಸಂಜೆ ನನಗೆ ತಡೆಯಲಾಗಲಿಲ್ಲ. ಅವರು ಬಾಗಿಲಲ್ಲಿ ನಿಂತು ಯಾವುದೋ ಕಥೆಯ ನಡುವೆ ಇದ್ದರು. ನಾನು ಅವರ ಎದುರಿಗೇ ಎರಡೂ ಕಿವಿಯ ಯಂತ್ರ ತೆಗೆದು ಡಬ್ಬಿಗೆ ಹಾಕಿ, ರೆಕಾರ್ಡಿಟ್ಟು ಕುರ್ಚಿಯಲ್ಲಿ ಕೂತೆ.

ನಿಮ್ಮಪ್ಪ ಮಾತು ನಿಲ್ಲಿಸಿದರು. ಕೋಪ ಮಾಡಲಿಲ್ಲ. ಅಡುಗೆಮನೆಗೆ ಹೋಗಿ ಲೋಟ ತೊಳೆಯತೊಡಗಿದರು. ನಾನು ಕುರ್ಚಿಯಿಂದಲೇ ನೋಡಿದೆ, ಅವರ ತುಟಿ ಅಲ್ಲಾಡುತ್ತಿರಲಿಲ್ಲ. ಈ ಮನೆಯಲ್ಲಿ ಅದನ್ನು ನಾನು ಎಂದೂ ನೋಡಿರಲಿಲ್ಲ. ಅಷ್ಟು ವರ್ಷ ನನಗೆ ಕೇಳಿಸದಿದ್ದರೂ ಅವರು ನನ್ನ ಜೊತೆ ಮಾತಾಡುತ್ತಲೇ ಇದ್ದರು. ಕೇಳಿಸುವುದಿಲ್ಲ ಅಂತ ಗೊತ್ತಾದ ಮೇಲೆ ಯಾರ ಜೊತೆ ಮಾತಾಡುತ್ತಾರೆ? ನನಗೆ ಹೆದರಿಕೆಯಾಯಿತು.

ಹಾಡು ನಡುವೆಯೇ ನಿಲ್ಲಿಸಿದೆ. ಯಂತ್ರ ಕಿವಿಗೆ ಹಾಕಿಕೊಂಡು ಹೋಗಿ, ‘ಆಮೇಲೆ ಏನಾಯ್ತು ರೀ?’ ಅಂದೆ.

ಅವರು ನನ್ನ ಕಿವಿ ನೋಡಿದರು. ಆಮೇಲೆ ಕೈ ಒರೆಸಿಕೊಂಡರು. ಅರ್ಧ ಮೀಸೆ ತೆಗೆಸಿಕೊಂಡು, ಕುರ್ಚಿಯಲ್ಲೇ ನಿದ್ದೆ ಹೋಗಿ, ಎಚ್ಚರವಾದಾಗ ಹಾಗೆಯೇ ಆಫೀಸಿಗೆ ಓಡಿದ ಗಿರಾಕಿಯ ಕಥೆ ಅದು. ಕಿವಿ ಚೆನ್ನಾಗಿದ್ದ ಕಾಲದಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಬಹಳ ಉದ್ದ, ಅಂಥ ನಗುವೂ ಬರುವುದಿಲ್ಲ. ನಡುವಿನಿಂದ ಹೇಳಿದರೆ ಸ್ವಾರಸ್ಯವಿಲ್ಲ ಅಂತ ಮೊದಲಿನಿಂದ ಶುರು ಮಾಡಿದರು. ಕೊನೆಯವರೆಗೂ ಕೇಳಿದೆ.

ನಿನ್ನ,
ಅಮ್ಮ